ಮಾವನ ಬೋರ್ಡಿನಲ್ಲಿ ಒಂದು ಅಕ್ಷರ

ಮಂಡ್ಯದ ನೂರಡಿ ರಸ್ತೆ ಪಕ್ಕದ ಒಂದು ಕ್ರಾಸಿನಲ್ಲಿ ನಮ್ಮ ಮಾವ ಅಂಗಡಿ ಹಾಕಿದರು. ನೋಟ್‌ಬುಕ್ಕು, ಪೆನ್ನು, ಜೆರಾಕ್ಸು. ಬೋರ್ಡಿಗೆ ಏನು ಬರೆಸಬೇಕು ಅಂತ ವಾಟ್ಸಾಪಿನಲ್ಲಿ ಟೈಪ್ ಮಾಡಿ ಕಳಿಸಿದವನು ನಾನೇ. ಹಾಗಾಗಿ ಫ್ಲೆಕ್ಸ್‌ನವನನ್ನು ಬೈಯೋ ಹಾಗಿಲ್ಲ.

ಪೂಜೆ ದಿನ ಎದುರು ಮನೆಯ ರಿಟೈರ್ಡ್ ಮೇಷ್ಟ್ರು ಬಂದರು. ಕೋಸಂಬರಿ ತಿನ್ನುತ್ತಾ ತಲೆ ಎತ್ತಿ ಬೋರ್ಡ್ ನೋಡಿದವರು ಅಗಿಯೋದನ್ನೇ ನಿಲ್ಲಿಸಿಬಿಟ್ಟರು. "ಏನಯ್ಯಾ, ನಿನ್ನ ಅಂಗಡಿ ಎಲ್ಲಿಗೂ ಓಡಿ ಹೋಗಲ್ಲ ಅಂತ ಬೋರ್ಡ್ ಹಾಕ್ಸಿದ್ದೀಯ?"

ವಿಷಯ ಇಷ್ಟೇ. ಕನ್ನಡದಲ್ಲಿ ಎರಡಕ್ಕೂ ಸ್ಟೇಷನರಿ ಅಂತಲೇ ಬರೆಯುತ್ತೇವೆ. ಇಂಗ್ಲಿಷಿನಲ್ಲಿ ಮಾತ್ರ ಕೊನೆಗೆ ಇ-ಆರ್-ವೈ ಬಂದರೆ ಪೆನ್ನು ಪೇಪರು, ಎ-ಆರ್-ವೈ ಬಂದರೆ ಅಲ್ಲಾಡದೆ ನಿಂತಿರೋದು. ನಾನು ‘ಎ’ ಹಾಕಿದ್ದೆ.

ಮನಸ್ಸು ತಡೆಯದೆ ರಾತ್ರಿ ಡಿಕ್ಷನರಿ ತೆಗೆದು ಕೂತೆ. ನೋಡಿದರೆ ಎರಡೂ ಒಂದೇ ತಾಯಿ ಮಕ್ಕಳು! ಲ್ಯಾಟಿನ್ನಿನಲ್ಲಿ ‘ಸ್ಟಾರೆ’ ಅಂದರೆ ನಿಲ್ಲು. ನಮ್ಮ ಸ್ಥಾನ, ಸ್ಥಾವರದಲ್ಲಿರೋ ‘ಸ್ಥಾ’ ಕೂಡ ಅದೇ ಬೇರಿನದು. ಮಧ್ಯಯುಗದ ಯುರೋಪಿನಲ್ಲಿ ಊರೂರು ಸುತ್ತಿ ಸಾಮಾನು ಮಾರೋರು ಜಾಸ್ತಿ ಇದ್ದರು. ಅಂಥವರ ನಡುವೆ, ಯೂನಿವರ್ಸಿಟಿ ಹತ್ತಿರ ಒಂದೇ ಕಡೆ ಅಂಗಡಿ ಇಟ್ಟುಕೊಂಡು ಪುಸ್ತಕ ಮಾರುತ್ತಿದ್ದವನಿಗೆ ಸ್ಟೇಷನರ್ ಅನ್ನೋ ಹೆಸರು ಬಂತು, ಅಂದರೆ ನಿಂತ ವ್ಯಾಪಾರಿ. ಲಂಡನ್ನಿನಲ್ಲಿ 1403ರಲ್ಲೇ ಇವರ ಸಂಘ ಕಟ್ಟಿದ್ದರು, 1557ರಲ್ಲಿ ಅದಕ್ಕೆ ರಾಜಸನ್ನದೂ ಸಿಕ್ಕಿತು. ಇವರು ಮಾರೋ ಸಾಮಾನೇ ಸ್ಟೇಷನರಿ ಆಯಿತು.

ಓದುತ್ತಾ ಓದುತ್ತಾ ಮಾವನ ಹಳೇ ಟಿವಿಎಸ್ ನೆನಪಾಯಿತು. 11 ವರ್ಷ ಅದರ ಹಿಂದೆ ಗೋಣಿಚೀಲ ಕಟ್ಟಿಕೊಂಡು ಮದ್ದೂರು, ಕೆರಗೋಡು, ಬಸರಾಳು ಅಂತ ಸುತ್ತಿ ಸಣ್ಣಪುಟ್ಟ ಅಂಗಡಿಗಳಿಗೆ ನೋಟ್‌ಬುಕ್ ಹಾಕುತ್ತಿದ್ದರು, ಮಳೆ ಬಂದರೆ ಪ್ಲಾಸ್ಟಿಕ್ ಹಾಳೆ ಚೀಲಕ್ಕೆ ಹೊದಿಸಿ ತಾವು ನೆನೆಯುತ್ತಿದ್ದರು. ಜಂಗಮ ಆಗಿದ್ದ ಮನುಷ್ಯ ಈಗ ತಾನೆ ಸ್ಥಾವರ ಆಗಿರೋದು.

ಬೆಳಿಗ್ಗೆ ಹೋಗಿ ಎಲ್ಲಾ ಹೇಳಿದೆ. ಮಾವ ಜೆರಾಕ್ಸ್ ಮಷೀನಿಗೆ ಪೇಪರ್ ತುಂಬುತ್ತಾ ಕೇಳಿಸಿಕೊಂಡರು.

"ಹಂಗಾರೆ ತಪ್ಪೇನ್ಲಾ ಐತೆ? ನಿಂತಿವ್ನಲ್ಲ ಒಂದ್ ಕಡೆ!"

ಸರಿ, ಆದರೆ ಮೇಷ್ಟ್ರು ದಿನಾ ಅದೇ ದಾರಿಯಲ್ಲಿ ವಾಕಿಂಗ್ ಬರುತ್ತಾರಲ್ಲ. ಸ್ಟಿಕ್ಕರ್ ಶೀಟಿನಲ್ಲಿ ಒಂದು ‘ಇ’ ಕತ್ತರಿಸಿ, ಏಣಿ ಹತ್ತಿ ಅಂಟಿಸಿದೆ. ಬಿಸಿಲಿಗೆ ಅದರ ಒಂದು ಮೂಲೆ ಆಗಲೇ ಎದ್ದಿದೆ, ಕೆಳಗಿನ ‘ಎ’ ಇಣುಕುತ್ತಿದೆ.