ಕೆಂಪು ಟೋಪಿಯವರು ಈಚೆ ಬಂದ ಮೇಲೆ ಆಟ

"ಇವರೆಲ್ಲ ಯಾರಿಗೆ ಕಾಯ್ತಾ ಇದ್ದಾರೆ?"

ಶನಿವಾರ ಆನ್ ಆರ್ಬರ್‌ನಲ್ಲಿ ಕಾಲೇಜು ತಂಡಗಳ ಅಮೆರಿಕನ್ ಫುಟ್‌ಬಾಲ್ ಪಂದ್ಯ ನೋಡುವಾಗ ಅಮ್ಮ ಕೇಳಿದ ಈ ಮಾತು ವಾರವಿಡೀ ತಲೆಯಲ್ಲೇ ಕೂತಿದೆ. ಅಡುಗೆ ಮಾಡುವಾಗಲೂ ಅದೇ, ಆಫೀಸಿನ ಮೀಟಿಂಗ್‌ನಲ್ಲೂ ಅದೇ.

ಮಿಶಿಗನ್ ಸ್ಟೇಡಿಯಂ ಅಮೆರಿಕದಲ್ಲೇ ದೊಡ್ಡದು. 1,07,601 ಸೀಟು. ನವೆಂಬರ್ ಚಳಿ ಬೇರೆ. ಅಮ್ಮ ಸೀರೆಯ ಮೇಲೆ ಸ್ವೆಟರ್, ಅದರ ಮೇಲೆ ನನ್ನ ಜಾಕೆಟ್ ಹಾಕಿಕೊಂಡು ಕೂತಿದ್ದರು. ಚೆಂಡು ಎದುರಾಳಿಯ ತುದಿಗೆ ಮುಟ್ಟಿತು, ಟಚ್‌ಡೌನ್ ಆಯ್ತು. ಸ್ಟೇಡಿಯಂಗೆ ಸ್ಟೇಡಿಯಮ್ಮೇ ಎದ್ದು ಕೂಗಿತು. ಅಮ್ಮನೂ ಎದ್ದು ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲ ನಿಂತುಹೋಯ್ತು. ಆಟಗಾರರು ಕೈ ಉಜ್ಜಿಕೊಳ್ಳುತ್ತಾ ನಿಂತರು. ಎರಡು ನಿಮಿಷ ದಾಟಿದ ಮೇಲೆ ಕಿಕ್‌ಆಫ್, ಅಂದರೆ ಚೆಂಡನ್ನು ಎದುರಾಳಿಗೆ ಒದ್ದು ಮತ್ತೆ ಆಟ ಶುರು. ಚೆಂಡು ಹಾರಿ ಮೈದಾನದ ತುದಿಯ ಎಂಡ್ ಜೋನ್ ದಾಟಿತು, ಅದನ್ನು ಹಿಡಿದು ಓಡುವವರೇ ಇಲ್ಲ. ಮತ್ತೆ ಎಲ್ಲ ನಿಂತುಹೋಯ್ತು.

ಆಗ ಅಮ್ಮ ಕೇಳಿದ್ದು. ಮೈದಾನದ ಅಂಚಿನಲ್ಲಿ ಕೆಂಪು ಟೋಪಿ ಹಾಕಿಕೊಂಡು, ಸೆಕೆಂಡ್ ಇಳಿಯುವ ಬೋರ್ಡ್ ಹಿಡಿದು ನಿಂತಿದ್ದವರನ್ನು ತೋರಿಸಿದೆ.

"ಅವರಿಗಮ್ಮ."

"ಅವರೂ ಅಂಪೈರಾ?"

"ಅಲ್ಲ, ಟಿವಿ ಕಡೆಯವರು. ಟಿವಿಯಲ್ಲಿ ಈಗ ಜಾಹೀರಾತು ಬರ್ತಿದೆ. ಅದು ಮುಗಿದಾಗ ಅವರು ಈಚೆ ಬರ್ತಾರೆ. ಆಮೇಲೆ ಆಟ."

ಅಮ್ಮ ಒಂದು ಸಲ ಸುತ್ತ ನೋಡಿದರು. "ಇಷ್ಟು ಜನ ದುಡ್ಡು ಕೊಟ್ಟು ಇಲ್ಲಿಗೆ ಬಂದಿದ್ದಾರೆ. ಮನೇಲಿ ಕೂತವರು ಜಾಹೀರಾತು ನೋಡಿ ಮುಗಿಸೋ ತನಕ ಇವರು ಚಳೀಲಿ ಕಾಯ್ಬೇಕಾ?"

ಹೌದು ಅಂದೆ. ಬೇರೇನು ಹೇಳಲಿ? ಇಷ್ಟು ವರ್ಷ ಇಲ್ಲಿದ್ದು ನನಗೆ ಅದು ಅಭ್ಯಾಸವಾಗಿಹೋಗಿದೆ. ಟಿಕೆಟ್ ಕೊಟ್ಟ ಸಹೋದ್ಯೋಗಿಯಂತೂ ಸ್ಟೇಡಿಯಂಗೆ ಹೋಗುವುದನ್ನೇ ಬಿಟ್ಟಿದ್ದಾನೆ. ಮನೆಯಲ್ಲಿ ರೆಕಾರ್ಡ್ ಮಾಡಿ, ಜಾಹೀರಾತು ಓಡಿಸಿಕೊಂಡು ನೋಡುತ್ತಾನಂತೆ. ಒಳ್ಳೆಯವನೇ, ಆದರೆ ಅವನ ಈ ದಾರಿ ನನಗೆ ಹಿಡಿಸುವುದಿಲ್ಲ. ಪಕ್ಕದಲ್ಲಿ ಕೂತಿದ್ದ ಅಜ್ಜ ಕಂಬಳಿ ಸಮೇತ ಬಂದಿದ್ದರು, ಅರ್ಧ ಕಂಬಳಿಯನ್ನು ಅಮ್ಮನ ಕಾಲ ಮೇಲೂ ಹೊದಿಸಿದರು. ಆಟ ಉಳಿದಿರುವುದು ಇಂಥವರಿಂದ.

ಗಡಿಯಾರದ ಲೆಕ್ಕದಲ್ಲಿ ಆಟ 60 ನಿಮಿಷ. ಮುಗಿಯುವ ಹೊತ್ತಿಗೆ ಹತ್ತಿರ ಹತ್ತಿರ ಮೂರೂವರೆ ಗಂಟೆ. ಒಂದು ಪ್ಲೇ, ಅಂದರೆ ಚೆಂಡು ಕೈಗೆ ಬಂದು ಮತ್ತೆ ನಿಲ್ಲುವವರೆಗಿನ ಆಟ, ಕೆಲವೇ ಸೆಕೆಂಡಿನದು, ಮುಂದಿನದಕ್ಕೆ ತಯಾರಾಗಲು 40 ಸೆಕೆಂಡ್. ಪಾಸ್ ಕೈಗೆ ಸಿಗದೆ ನೆಲಕ್ಕೆ ಬಿದ್ದರೆ ಗಡಿಯಾರ ನಿಲ್ಲುತ್ತದೆ. ಅನುಮಾನ ಬಂದರೆ ರಿಪ್ಲೇ. 2010ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್ ಪಂದ್ಯಗಳ ಲೆಕ್ಕ ಹಾಕಿದಾಗ ಚೆಂಡು ನಿಜವಾಗಿ ಆಟದಲ್ಲಿದ್ದದ್ದು ಸುಮಾರು 11 ನಿಮಿಷ. ತಂತ್ರದ ಆಟ ಇದು, ಯೋಚನೆಗೆ ಸಮಯ ಬೇಕು, ಅದಕ್ಕೆ ನನ್ನ ತಕರಾರಿಲ್ಲ. ಯೋಚನೆಯೂ ಇಲ್ಲದೆ, ಆಟವೂ ಇಲ್ಲದೆ ಎಲ್ಲರೂ ಸುಮ್ನೆ ನಿಲ್ಲುವ ಹೊತ್ತಿನ ಬಗ್ಗೆ ನನ್ನ ಸಿಟ್ಟು.

ಪಂದ್ಯ ಉದ್ದವಾಯ್ತು ಅಂತ ಆಟ ನಡೆಸುವವರಿಗೂ ಗೊತ್ತು. 2023ರಲ್ಲಿ ಕಾಲೇಜು ಫುಟ್‌ಬಾಲ್‌ನ ನಿಯಮ ಬದಲಿಸಿದರು. ಮೊದಲೆಲ್ಲ ತಂಡ ಹತ್ತು ಗಜ ಮುಂದೆ ಹೋಗಿ ಫಸ್ಟ್ ಡೌನ್ ಸಿಕ್ಕಾಗ ಗಡಿಯಾರ ನಿಲ್ಲುತ್ತಿತ್ತು. ಈಗ ಪ್ರತಿ ಅರ್ಧದ ಕೊನೆಯ ಎರಡು ನಿಮಿಷ ಬಿಟ್ಟರೆ ಓಡುತ್ತಲೇ ಇರುತ್ತದೆ. ಪ್ಲೇ ಕಡಿಮೆಯಾದರೆ ಆಟಗಾರರ ಮೈಗೆ ಪೆಟ್ಟೂ ಕಡಿಮೆ ಎಂದರು, ಅದು ನಿಜ. ಆದರೆ ಉಳಿದದ್ದು ಕೆಲವೇ ನಿಮಿಷ, ಅದೂ ಆಟವನ್ನು ಕತ್ತರಿಸಿ. ಆ ಸೀಸನ್ ಶುರುವಿನಲ್ಲೇ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದ ಆಗಿನ ಕೋಚ್ ಚಿಪ್ ಕೆಲ್ಲಿ ಟಿವಿ ಮೈಕಿನ ಮುಂದೆಯೇ ಹೊಸ ನಿಯಮವನ್ನು ಬೈದು, ಜಾಹೀರಾತು ಚೆನ್ನಾಗಿ ಮಾರಾಟವಾಗುತ್ತಿರಬೇಕು ಎಂದು ಚುಚ್ಚಿದ್ದರು. ಆ ಮಾತಿಗೆ ನಾನು ಇವತ್ತಿಗೂ ಅವರ ಕಡೆ.

ಅದೇ ವರ್ಷ ಬೇಸ್‌ಬಾಲ್ ಏನು ಮಾಡಿತು ನೋಡಿ. ಚೆಂಡು ಎಸೆಯುವ ಪಿಚರ್‌ಗೆ ಗಡಿಯಾರ ಕಟ್ಟಿತು. ಬೇಸ್ ಖಾಲಿ ಇದ್ದರೆ 15 ಸೆಕೆಂಡ್, ಓಟಗಾರರಿದ್ದರೆ 20. ಪಂದ್ಯದ ಸರಾಸರಿ 3 ಗಂಟೆ 4 ನಿಮಿಷದಿಂದ 2 ಗಂಟೆ 40 ನಿಮಿಷಕ್ಕೆ ಇಳಿಯಿತು. ಒಂದು ಔಟ್ ಕೂಡ ಕಡಿಮೆ ಮಾಡಲಿಲ್ಲ. ಖಾಲಿ ಹೊತ್ತನ್ನು ಹುಡುಕಿ ತೆಗೆದರು, ಅಷ್ಟೇ.

ಫುಟ್‌ಬಾಲ್‌ನಲ್ಲೂ ಇದು ಆಗದ ಕೆಲಸವಲ್ಲ. 2017ರಲ್ಲಿ ಎನ್‌ಎಫ್‌ಎಲ್ ಒಂದು ಕ್ವಾರ್ಟರ್‌ಗೆ (ಪಂದ್ಯದ ಕಾಲು ಭಾಗಕ್ಕೆ) ಐದಿದ್ದ ಜಾಹೀರಾತು ಬ್ರೇಕ್‌ಗಳನ್ನು ನಾಲ್ಕಕ್ಕೆ ಇಳಿಸಿತು. ಒಂದೊಂದನ್ನೂ ಸ್ವಲ್ಪ ಉದ್ದ ಮಾಡಿತು ನಿಜ, ಆದರೂ ಆಟ ತುಂಡು ತುಂಡಾಗುವುದು ಕಡಿಮೆಯಾಯ್ತು. ಇಂಡಿಕಾರ್ ರೇಸ್‌ನಲ್ಲಿ ಕಾರು ನಿಲ್ಲಿಸಲಾಗದು, ಹಾಗಾಗಿ ಅರ್ಧ ಪರದೆಯಲ್ಲಿ ರೇಸ್, ಇನ್ನರ್ಧದಲ್ಲಿ ಜಾಹೀರಾತು. ಫುಟ್‌ಬಾಲ್‌ನಲ್ಲಂತೂ ಗಾಯವಾದಾಗ, ರಿಪ್ಲೇ ನೋಡುವಾಗ ಹೇಗೂ ಆಟ ನಿಲ್ಲುತ್ತದೆ. ಜಾಹೀರಾತನ್ನು ಅಲ್ಲಿ ತುಂಬಲಿ. ರಿಪ್ಲೇಗೆ ಒಂದು ನಿಮಿಷದ ಮಿತಿ ಹಾಕಲಿ, ಅಷ್ಟರಲ್ಲಿ ಗೊತ್ತಾಗದಿದ್ದರೆ ಮೈದಾನದಲ್ಲಿ ಕೊಟ್ಟ ತೀರ್ಪೇ ಉಳಿಯಲಿ.

ದುಡ್ಡಿನ ಮಾತು ನನಗೂ ಗೊತ್ತು. ಮಿಶಿಗನ್ ವಿಶ್ವವಿದ್ಯಾಲಯ ಇರುವ ಬಿಗ್ ಟೆನ್ ಎಂಬ ಕಾಲೇಜು ತಂಡಗಳ ಕೂಟ 2022ರಲ್ಲಿ ಮಾಡಿಕೊಂಡ ಟಿವಿ ಒಪ್ಪಂದ ಏಳು ವರ್ಷಕ್ಕೆ 700 ಕೋಟಿ ಡಾಲರ್‌ಗೂ ಜಾಸ್ತಿ. ಈ ಹಣದಲ್ಲೇ ಈಜು, ಓಟ, ಹುಡುಗಿಯರ ವಾಲಿಬಾಲ್ ನಡೆಯುತ್ತದೆ. ಈಗ ಆಟಗಾರರಿಗೂ ಪಾಲು ಸಿಗುತ್ತಿದೆ, ಅದು ಸಿಗಲೇಬೇಕಿತ್ತು. ಆದರೆ ಟಿವಿಯವರು ಕೊಂಡದ್ದು ಏನನ್ನ? ಆ ಲಕ್ಷ ಜನರ ಕೂಗೂ ಅದರಲ್ಲಿ ಸೇರಿದೆ ಅಲ್ವಾ? ಖಾಲಿ ಬೆಂಚುಗಳ ಮುಂದೆ ಇದೇ ಆಟ ಆಡಿದರೆ ಅಷ್ಟು ಬೆಲೆ ಬರುತ್ತಾ? ಅಮ್ಮನ ಪ್ರಶ್ನೆ ನನ್ನನ್ನು ಮತ್ತೆ ಮತ್ತೆ ಇಲ್ಲಿಗೇ ತಂದು ನಿಲ್ಲಿಸುತ್ತದೆ. ಬಂದವರ ಹೊತ್ತಿಗೆ ಬೆಲೆ ಇಲ್ಲ, ಅವರ ಕೂಗಿಗೆ ಮಾತ್ರ ಇದೆ.

ಇನ್ನು ಹಾಫ್‌ಟೈಮ್ ಕಡಿಮೆ ಮಾಡಿ ಅನ್ನುವವರಿದ್ದಾರೆ. ಅದನ್ನು ನಾನು ಒಪ್ಪುವುದೇ ಇಲ್ಲ. ಆ 20 ನಿಮಿಷ ಬ್ಯಾಂಡ್‌ನ ಮಕ್ಕಳದ್ದು. ಆಟಕ್ಕೆ ಮೊದಲು ಬ್ಯಾಂಡ್ ಮುನ್ನಡೆಸುವ ಡ್ರಮ್ ಮೇಜರ್ ಬೆನ್ನನ್ನು ಹಿಂದಕ್ಕೆ ಬಗ್ಗಿಸಿ ತಲೆಯನ್ನು ನೆಲಕ್ಕೆ ತಾಗಿಸಿದಾಗ ಅಮ್ಮ ನನ್ನ ಕೈ ಗಟ್ಟಿಯಾಗಿ ಹಿಡಿದಿದ್ದರು. ಹಾಫ್‌ಟೈಮ್ ಪೂರ್ತಿ ನಿಂತೇ ನೋಡಿದರು. ಆ ಹೊತ್ತಿಗೆ ಟಿವಿಯಲ್ಲಿ ಸಾಮಾನ್ಯವಾಗಿ ಬರುವುದು ಸ್ಟುಡಿಯೋ ಮಾತು, ಮತ್ತಷ್ಟು ಜಾಹೀರಾತು. ಸ್ಟೇಡಿಯಂಗೆ ಬಂದವರಿಗೇ ಅಂತ ಉಳಿದಿರುವುದು ಅದೊಂದೇ. ಕತ್ತರಿ ಹಾಕುವುದಿದ್ದರೆ ಕಿಕ್‌ಆಫ್‌ನ ಆಚೆ ಒಂದು, ಈಚೆ ಒಂದು ಇರುವ ಆ ಎರಡು ಬ್ರೇಕ್‌ಗಳಿಂದ ಶುರು ಮಾಡಲಿ, ಬರುವ ಸೀಸನ್‌ನಿಂದಲೇ.