ಟುವ್ವಿ ಹಕ್ಕಿ ಮತ್ತು ಶಾರ್ಕ್
ದಾಸವಾಳದ ಗಿಡದಲ್ಲಿ ಬೆಳಗ್ಗೆಯಿಂದ ಟುವ್ವಿ ಹಕ್ಕಿ ಕೂಗುತ್ತಿದೆ. ತೂಕ ಸುಮಾರು 6ರಿಂದ 10 ಗ್ರಾಂ ಅಷ್ಟೇ, ದನಿ ಮಾತ್ರ ಇಡೀ ಬೀದಿಗೆ ಕೇಳಿಸುತ್ತದೆ! ಕೂಗುವಾಗ ಕತ್ತು ಉಬ್ಬಿ, ಗರಿಗಳ ಮರೆಯಲ್ಲಿದ್ದ ಕಪ್ಪು ಕಲೆ ಇಣುಕುತ್ತದೆ. ಬಾಲ ಸದಾ ನೆಟ್ಟಗೆ.

ನೋಡ್ತಾ ನೋಡ್ತಾ ಯಾಕೋ ಶಾರ್ಕ್ ನೆನಪಾಯಿತು, ನಮ್ಮ ಕರಾವಳಿಯ ಕಡೆ ತಾಟೆ ಅಂತಾರಲ್ಲ, ಅದು. ಎಲ್ಲಿಯ ಹಕ್ಕಿ, ಎಲ್ಲಿಯ ಮೀನು ಅನ್ನಿಸಬಹುದು. ಆದರೆ ಎರಡಕ್ಕೂ ಕಷ್ಟ ಒಂದೇ: ಕೆಳಗೆ ಬೀಳಬಾರದು, ಮುಳುಗಬಾರದು. ಹಕ್ಕಿಗೆ ಹಗುರ ಮೂಳೆ, ಮೈಯೊಳಗೆ ಗಾಳಿಚೀಲಗಳು. ಶಾರ್ಕಿಗೆ ಮೂಳೆಯೇ ಇಲ್ಲ. ನಮ್ಮ ಮೂಗಿನ ತುದಿಯಲ್ಲಿರುವಂಥ ಮೃದ್ವಸ್ಥಿಯಿಂದಲೇ ಅದರ ಇಡೀ ಅಸ್ಥಿಪಂಜರ! ಬೇರೆ ಎಷ್ಟೋ ಮೀನುಗಳಿಗಿರುವ ಗಾಳಿಚೀಲವೂ ಅದಕ್ಕಿಲ್ಲ. ಬದಲಿಗೆ ಎಣ್ಣೆ ತುಂಬಿದ ದೊಡ್ಡ ಲಿವರ್. ಎಣ್ಣೆ ನೀರಿಗಿಂತ ಹಗುರ ಅಲ್ವಾ, ಅದೇ ಆಸರೆ. ಎದೆಯ ಪಕ್ಕದ ರೆಕ್ಕೆಗಳನ್ನು ಚಾಚಿ ಈಜುತ್ತಿದ್ದರೆ ನೀರೇ ಮೇಲಕ್ಕೆತ್ತುತ್ತದೆ.

ಆಯಸ್ಸಿನಲ್ಲಿ ಹೋಲಿಕೆಯೇ ಇಲ್ಲ. ಗ್ರೀನ್‌ಲ್ಯಾಂಡ್ ಶಾರ್ಕ್ ಕಡಿಮೆಯೆಂದರೂ 272 ವರ್ಷ ಬದುಕುತ್ತದೆ ಎಂದು 2016ರ ಅಧ್ಯಯನವೊಂದು ಅಂದಾಜಿಸಿತ್ತು. ಟುವ್ವಿಗೆ ಕೆಲವೇ ವರ್ಷ. ನನಗೆ ಜಾಸ್ತಿ ಅಚ್ಚರಿ ಅನ್ನಿಸಿದ್ದು ಮಾತ್ರ ಆ ಎಣ್ಣೆಯ ಲಿವರ್.