ಈಲಾಯ್ ಮೇಲೆ ಎಳೆದ ಗೆರೆ

ಕಳೆದ ಜನವರಿಯ ಒಂದು ರಾತ್ರಿ ಎಂಟೂವರೆಗೆ ಅಕ್ಕನ ಮಗಳು ಅಮೆರಿಕದ ಅರಿಜೋನಾದಿಂದ ವಿಡಿಯೋ ಕರೆ ಮಾಡಿದಳು. ಕಾರವಾರಕ್ಕೂ ಅಲ್ಲಿಗೂ ಹನ್ನೆರಡೂವರೆ ಗಂಟೆಗಳ ಅಂತರ. ಅವಳಿಗೆ ಅದು ಅದೇ ದಿನದ ಬೆಳಗಿನ ಎಂಟು. ಖಾಸಗಿ ಪೈಲಟ್ ಪರವಾನಗಿಗಾಗಿ ಫೀನಿಕ್ಸ್ ಸಮೀಪ ತರಬೇತಿ ಪಡೆಯುತ್ತಿದ್ದ ಅವಳು ಮರುದಿನ ಒಬ್ಬಳೇ ಟೂಸಾನ್‌ವರೆಗೆ ಹಾರಿ ಮರಳಬೇಕಿತ್ತು. ಒಟ್ಟು 150 ನಾಟಿಕಲ್ ಮೈಲಿಗೆ ಕಡಿಮೆಯಿಲ್ಲದ ಇಂಥದೊಂದು ಒಂಟಿ ಹಾರಾಟ ಆ ಪರವಾನಗಿಗೆ ಕಡ್ಡಾಯ. ನಾನು ದಾಬೋಲಿಮ್‌ನಲ್ಲಿ ನೌಕಾಪಡೆಯ ವಾಯುಸಂಚಾರ ನಿಯಂತ್ರಣದಲ್ಲಿ ಕೆಲಸ ಮಾಡಿ ನಿವೃತ್ತನಾದವನು. "ಮಾವ, ಬೋಧಕರಿಗೆ ತೋರಿಸುವ ಮೊದಲು ನೀವೂ ಒಂದ್ಸಲ ನೋಡಿ" ಎಂದು ಅವಳು ತನ್ನ ನಕ್ಷೆಯನ್ನು ಕಳಿಸಿದಳು.

ಗೆರೆ ಅಚ್ಚುಕಟ್ಟಾಗಿತ್ತು. ಹೆದ್ದಾರಿಯನ್ನು ಅನುಸರಿಸಿ ಆಗ್ನೇಯಕ್ಕೆ ಸಾಗುತ್ತಿದ್ದ ಆ ದಾರಿಯಲ್ಲಿ ಅವಳು ಗುರುತಿನ ಜಾಗವಾಗಿ ಆರಿಸಿಕೊಂಡಿದ್ದು ಈಲಾಯ್ ವಿಮಾನ ನಿಲ್ದಾಣವನ್ನು. ಮರುಭೂಮಿಯ ನಡುವೆ ರನ್‌ವೇ ದೂರದಿಂದಲೇ ಕಾಣುತ್ತದೆ ಎಂಬುದು ಅವಳ ಕಾರಣ. ಆದರೆ ಆ ನಿಲ್ದಾಣದ ಪಕ್ಕದಲ್ಲೇ ನಕ್ಷೆಯಲ್ಲಿ ಪುಟ್ಟದೊಂದು ಪ್ಯಾರಾಚೂಟ್ ಚಿಹ್ನೆ ಇತ್ತು. ಜಗತ್ತಿನ ಅತಿ ದೊಡ್ಡ ಪ್ಯಾರಾಚೂಟ್ ಜಿಗಿತದ ಕೇಂದ್ರಗಳಲ್ಲಿ ಒಂದು ಅಲ್ಲಿದೆ.

"ಅದನ್ನ ನೋಡಿದ್ದೆ ಮಾವ, ಆದರೆ ಅದು ನಿಷೇಧಿತ ವಲಯ ಅಲ್ವಲ್ಲ" ಎಂದಳು. ಅವಳು ಹೇಳಿದ್ದು ಸರಿ. ಅಲ್ಲಿ ಹಾರಬಾರದೆಂದು ಯಾವ ಕಾನೂನೂ ಹೇಳುವುದಿಲ್ಲ, ನನ್ನ ಕಳವಳವೂ ಅದೇ ಆಗಿತ್ತು. ನಿಷೇಧಿತ ವಲಯವಾದರೆ ಗೆರೆ ಎಳೆಯುವ ಕೈ ತಾನಾಗಿಯೇ ನಿಲ್ಲುತ್ತದೆ. ಈ ಪುಟ್ಟ ಚಿಹ್ನೆ ಕೈಯನ್ನು ತಡೆಯುವುದಿಲ್ಲ.

ಎತ್ತರದ ಲೆಕ್ಕವನ್ನು ಅವಳಿಂದಲೇ ಮಾಡಿಸಿದೆ. ಪೂರ್ವದ ಕಡೆಗಿನ ಹಾರಾಟದ ನಿಯಮದಂತೆ ಅವಳು ಆರಿಸಿದ್ದು ಸಮುದ್ರಮಟ್ಟದಿಂದ 5,500 ಅಡಿ. ಈಲಾಯ್‌ನ ನೆಲವೇ ಸುಮಾರು 1,500 ಅಡಿ ಎತ್ತರದಲ್ಲಿದೆ. ಹಾಗಾಗಿ ಅವಳು ಅಲ್ಲಿ ನೆಲದಿಂದ 4,000 ಅಡಿ ಮೇಲೆ ಹಾರುತ್ತಾಳೆ. ಜಿಗಿಯುವವರು ಸಾಮಾನ್ಯವಾಗಿ 13,000 ಅಡಿಯ ಆಸುಪಾಸಿನಲ್ಲಿ ವಿಮಾನ ಬಿಟ್ಟು, ಸುಮಾರು ಒಂದು ನಿಮಿಷ ಗಂಟೆಗೆ 190 ಕಿಲೋಮೀಟರ್ ವೇಗದಲ್ಲಿ ಬಿದ್ದು, ಹೆಚ್ಚುಕಡಿಮೆ ಅವಳು ಹಾರುವ ಆ 4,000 ಅಡಿಯ ಎತ್ತರದಲ್ಲೇ ಪ್ಯಾರಾಚೂಟ್ ಬಿಚ್ಚುತ್ತಾರೆ. ಇದನ್ನು ಹೇಳಿದಾಗ ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ನಂತರ ಕೇಳಿದ ಪ್ರಶ್ನೆ ನನ್ನ ವೃತ್ತಿಗೆ ಸೇರಿದ್ದು: ನಿಯಂತ್ರಕರನ್ನು ರೇಡಿಯೋದಲ್ಲಿ ಕೇಳಿಕೊಂಡು ಹೋದರೆ ಅವರೇ ಎಚ್ಚರಿಸುವುದಿಲ್ಲವೇ? ಕೇಳಿಕೊಳ್ಳಲೇಬೇಕು ಎಂದೆ. ಜಿಗಿತದ ವಿಮಾನದ ಪೈಲಟ್ ಮುಂಚಿತವಾಗಿ ನಿಯಂತ್ರಕರನ್ನು ಸಂಪರ್ಕಿಸಬೇಕೆಂಬ ನಿಯಮ ಅಲ್ಲಿದೆ. ಸ್ಥಳೀಯ ಆವರ್ತನದಲ್ಲೂ ಜಿಗಿತದ ಘೋಷಣೆ ಕೇಳಿಸುತ್ತದೆ. ಆದರೂ ರಾಡಾರ್ ಪರದೆಯ ಮುಂದೆ ವರ್ಷಗಟ್ಟಲೆ ಕೂತವನಾಗಿ ನಾನು ಅವಳಿಗೆ ಹೇಳಬೇಕಾದ ಮಾತೊಂದಿತ್ತು. ರಾಡಾರ್‌ಗೆ ಉತ್ತರಿಸಿ ವಿಮಾನದ ಇರವನ್ನು ತಿಳಿಸುವ ಟ್ರಾನ್ಸ್‌ಪಾಂಡರ್ ಎಂಬ ಸಾಧನ ಬೀಳುತ್ತಿರುವ ಮನುಷ್ಯನ ಬಳಿ ಇರುವುದಿಲ್ಲ, ಆದ್ದರಿಂದ ನಿಯಂತ್ರಕ ವಿಮಾನವನ್ನು ಕಂಡರೂ ಅದರಿಂದ ಹಾರಿದವರು ಅವನಿಗೆ ಕಾಣುತ್ತಾರೆಂದು ನಂಬುವಂತಿಲ್ಲ. ಮೇಲಿನಿಂದ ಬೀಳುತ್ತಿರುವ ದೇಹವನ್ನು ತಗ್ಗಿನಲ್ಲಿ ಹಾರುವ ಪೈಲಟ್ ಗುರುತಿಸುವುದೂ ಕಷ್ಟ. ಸೆಸ್ನಾದಂಥ ವಿಮಾನದಲ್ಲಿ ತಲೆಯ ಮೇಲೆ ರೆಕ್ಕೆಯೇ ಅಡ್ಡ ಇರುತ್ತದೆ. ಹಾಗಾಗಿ ಹೊರಡುವ ಮೊದಲೇ ಗೆರೆಯನ್ನು ಬಾಗಿಸುವುದೇ ಅವಳ ಕೈಯಲ್ಲಿದ್ದ ಭದ್ರವಾದ ಉಪಾಯ.

ಎಷ್ಟು ಬಾಗಿಸಬೇಕು ಎನ್ನುವಲ್ಲಿ ನಮ್ಮ ಟಾಗೋರ್ ಕಡಲತೀರದ ರಂಪಣಿಯನ್ನು ನೆನಪಿಸಿದೆ. ಚಿಕ್ಕವಳಿದ್ದಾಗ ಅವಳು ನನ್ನ ಜೊತೆ ನಿಂತು ನೋಡಿದ್ದಳು: ದೋಣಿ ಅರ್ಧಚಂದ್ರಾಕಾರವಾಗಿ ಬಲೆ ಬಿಡುತ್ತದೆ, ನೀರಿನ ಮೇಲೆ ಕಾಣುವುದು ತೇಲುವ ಗುಂಡುಗಳು ಮಾತ್ರ, ಉಳಿದ ದೋಣಿಯವರು ಒಳಗಿರುವ ಬಲೆಯನ್ನು ಅಂದಾಜಿಸಿ ದೂರದಿಂದಲೇ ಸುತ್ತಿ ಹೋಗುತ್ತಾರೆ. ನಕ್ಷೆಯ ಚಿಹ್ನೆಯೂ ಗುಂಡಿನಂತೆಯೇ. ಜಿಗಿಯುವವರು ಗಾಳಿಗೆ ತೇಲಿ ಇಳಿದಾಣಕ್ಕೆ ಬರಬೇಕಾದ್ದರಿಂದ ಗಾಳಿ ಬೀಸಿ ಬರುವ ಬದಿಯಲ್ಲಿ ವಿಮಾನ ಬಿಡುತ್ತಾರೆ. ಅವರನ್ನು ಬಿಟ್ಟ ವಿಮಾನವಾದರೋ ಕಡಿದಾಗಿ, ಬಲು ವೇಗವಾಗಿ ಕೆಳಗಿಳಿಯುತ್ತದೆ. ಮರುದಿನ ಗಾಳಿ ಪಶ್ಚಿಮದಿಂದ ಬೀಸುವ ಮುನ್ಸೂಚನೆ ಇದ್ದುದರಿಂದ ಅವಳು ಹೆದ್ದಾರಿಯನ್ನು ಬಿಟ್ಟು ಪೂರ್ವಕ್ಕೆ ಸರಿದು, ಈಲಾಯ್‌ನಿಂದ ಐದು ನಾಟಿಕಲ್ ಮೈಲಿ ಆಚೆ ಹೊಸ ಗೆರೆ ಎಳೆದಳು. ಐದು ಮೈಲಿ ಎಂಬುದು ನಿಯಮವಲ್ಲ, ನನ್ನ ಅಭಿಪ್ರಾಯ. ಗುರುತಿಗೆ ಬಲಗಡೆ ಕಾಣುವ ಪಿಕಾಚೋ ಶಿಖರವನ್ನು ಇಟ್ಟುಕೊಂಡಳು. ಇನ್ನೂ ಮುಂದೆ ಮರಾನಾ ಬಳಿಯ ಪೈನಲ್ ಏರ್‌ಪಾರ್ಕಿನಲ್ಲಿ ಸೇನೆಯ ಪ್ಯಾರಾಚೂಟ್ ತರಬೇತಿ ನಡೆಯುವುದನ್ನು ಅವಳೇ ಹುಡುಕಿ ತೆಗೆದು ಅದನ್ನೂ ಬಲಕ್ಕೆ ಬಿಟ್ಟಳು. ನನಗೆ ಅದು ಹೊಳೆದಿರಲಿಲ್ಲ.

ಮರುದಿನ ರಾತ್ರಿ ಒಂಬತ್ತೂವರೆಗೆ ಅವಳು ಹೊರಟಳೆಂದು ತಿಳಿದ ಮೇಲೆ ನನಗೆ ನಿದ್ದೆ ಬರಲಿಲ್ಲ. ಅಕ್ಕನೂ ಶಿರಸಿಯಿಂದ ಎರಡು ಸಲ ಫೋನ್ ಮಾಡಿದಳು. ಹನ್ನೊಂದು ದಾಟಿದ ಮೇಲೆ ಟೂಸಾನ್‌ನಿಂದ ಸಂದೇಶ ಬಂತು: "ಮುಟ್ಟಿದೆ ಮಾವ. ರೇಡಿಯೋದಲ್ಲಿ ಜಿಗಿತದ ಘೋಷಣೆ ಕೇಳಿಸ್ತು. ಬಲಗಡೆ ದೂರದಲ್ಲಿ ಐದಾರು ಬಣ್ಣದ ಛತ್ರಿ ಕಾಣಿಸಿದವು. ವಾಪಸ್ ಬರೋವಾಗ ಗಾಳಿ ತಿರುಗುತ್ತಂತೆ, ಗೆರೆ ಮತ್ತೆ ಹಾಕ್ತಿದೀನಿ." ಮರಳುವ ದಾರಿಗೆ 6,500 ಅಡಿ ಎಂದೂ ಬರೆದಿದ್ದಳು. ನಾನು ಕನ್ನಡಕ ಹಾಕಿಕೊಂಡು ನಕ್ಷೆಯನ್ನು ಮತ್ತೆ ತೆರೆದೆ.